ಮುದ್ದೆ ಬಿಡ್ಬೇಡಿ, ಅನ್ನ ಕಮ್ಮಿ ಮಾಡಿ: ರಾಗಿ, ಸಿರಿಧಾನ್ಯ ಮನೇಲಿ ಬಳಸೋದು ಹೇಗೆ

ನಮ್ಮ ಮಂಡ್ಯ ಮೈಸೂರು ಕಡೆ ಈಗ ಯಾರಿಗಾದ್ರೂ ಶುಗರ್ ಬಂತು ಅಂದ ತಕ್ಷಣ ಪಕ್ಕದ್ಮನೆಯವ್ರು, ವಾಟ್ಸಾಪ್ ಗ್ರೂಪ್‌ನವ್ರು, ವಾಕಿಂಗ್‌ಗೆ ಸಿಗೋರು ಎಲ್ರೂ ಸೇರ್ಕೊಂಡು ಸಿರಿಧಾನ್ಯ ತಿನ್ನಿ ಅಂತಾರೆ, ಇವ್ರು ಹೋಗಿ ನವಣೆ ಸಾಮೆ ಕೊರಲೆ ಅಂತ ಐದಾರು ಪ್ಯಾಕೆಟ್ ತರ್ತಾರೆ, ತಂದ್ಮೇಲೆ ರಾತ್ರಿ ತಿಂತಿದ್ದ ಮುದ್ದೆ ಬಿಟ್ಟು ಅದರ ಬದ್ಲು ನವಣೆ ಅನ್ನ ಶುರು ಮಾಡ್ತಾರೆ, ಮಧ್ಯಾಹ್ನ ಮಾತ್ರ ಎಂದಿನ ಹಾಗೆ ತಟ್ಟೆ ತುಂಬ ಬಿಳಿ ಅನ್ನ. ಪೂರ್ತಿ ಉಲ್ಟಾ. ರಾಗೀನೂ ಸಿರಿಧಾನ್ಯದ ಜಾತಿಗೇ ಸೇರಿದ್ದು ಕಣ್ರೀ. 2018ರಲ್ಲಿ ಕೇಂದ್ರ ಸರ್ಕಾರ ಪೌಷ್ಟಿಕ ಧಾನ್ಯ ಅಂತ ಪಟ್ಟಿ ಮಾಡ್ದಾಗಲೂ ಅದ್ರಲ್ಲಿ ರಾಗಿ ಇತ್ತು, 2023ನ್ನ ವಿಶ್ವಸಂಸ್ಥೆ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷ ಅಂತ ಮಾಡ್ದಾಗಲೂ ಇತ್ತು. ಇರೋ ಒಳ್ಳೇದನ್ನ ತೆಗೆದು ಹೊಸಾದು ತಂದ್ರೆ ಲಾಭ ಏನು? ಬದಲಾಗ್ಬೇಕಾಗಿರೋದು ಅನ್ನ. ಮುದ್ದೆ ಅದರ ಜಾಗದಲ್ಲೇ ಇರ್ಲಿ, ಅನ್ನ ಇರೋ ಕಡೆ ಸಾಮೆ ನವಣೆ ತನ್ನಿ. ಕೆಳಗೆ ಬರೆದಿರೋದೆಲ್ಲ ಇದೊಂದು ಮಾತಿನ ಮೇಲೇ ನಿಂತಿರೋದು.

ಮೊದ್ಲು ಒಸಿ ಲೆಕ್ಕ

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವ್ರು 2017ರಲ್ಲಿ ತಂದಿರೋ ಆಹಾರದ ಪಟ್ಟಿ ಪ್ರಕಾರ 100 ಗ್ರಾಂ ರಾಗೀಲಿ ಸುಮಾರು 364 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅಷ್ಟೇ ಬಿಳಿ ಅಕ್ಕೀಲಿ ಏಳೆಂಟು ಮಿಲಿಗ್ರಾಂ. ಹಸುವಿನ ಹಾಲಲ್ಲೇ 100ಕ್ಕೆ 120ರ ಆಸುಪಾಸು. ಈ ಕ್ಯಾಲ್ಸಿಯಂ ವಿಷ್ಯದಲ್ಲಿ ಬೇರೆ ಯಾವ ಸಿರಿಧಾನ್ಯಾನೂ ರಾಗಿ ಹತ್ರಾನೂ ಬರಲ್ಲ, ಸಾಮೆ ಹರಕದಲ್ಲಿ 15-16 ಮಿಲಿಗ್ರಾಂ ಅಷ್ಟೇ. ನಾರಿನಂಶ ನೋಡಿದ್ರೆ ರಾಗೀಲಿ 11 ಗ್ರಾಂ, ಸಜ್ಜೇಲೂ ಹೆಚ್ಚೂಕಮ್ಮಿ ಅಷ್ಟೇ, ಸಾಮೇಲಿ ಏಳೂವರೆ ಮೇಲೆ, ಹರಕದಲ್ಲಿ 6 ದಾಟುತ್ತೆ, ಬಿಳಿ ಅಕ್ಕೀಲಿ 3ಕ್ಕಿಂತ ಕಮ್ಮಿ. ಕಬ್ಬಿಣಕ್ಕೆ ಸಜ್ಜೆ ಮುಂದು, 6 ಮಿಲಿಗ್ರಾಂ ದಾಟುತ್ತೆ, ರಾಗೀಲಿ ನಾಲ್ಕೂವರೆ. ಪ್ರೋಟೀನ್ ವಿಷ್ಯಕ್ಕೆ ಬಂದ್ರೆ ರಾಗಿ ಒಂದು ಕೈ ಹಿಂದೇನೇ, 7 ಗ್ರಾಂ ಚಿಲ್ರೆ, ನವಣೆ ಬರಗು 12ರ ಹತ್ರ.

ಆದ್ರೆ ಈ ಅಂಕಿಗಳನ್ನ ನೋಡಿ ಕುಣಿಯೋ ಮೊದ್ಲು ಇನ್ನೊಂದು ಅಂಕಿ ನೋಡಿ. 100 ಗ್ರಾಂ ಅಕ್ಕೀಲಿ ಸುಮಾರು 356 ಕ್ಯಾಲರಿ, ಸಾಮೇಲಿ 346, ರಾಗೀಲಿ 321. ಅಂದ್ರೆ ಸಿರಿಧಾನ್ಯ ಅಂತ ಎರಡು ತಟ್ಟೆ ಬಿಸಿಬೇಳೆಬಾತ್ ತುಪ್ಪ ಸುರ್ಕೊಂಡು ತಿಂದ್ರೆ ತೂಕ ಇಳಿಯಲ್ಲ, ಸಾಮೆ ಮೇಲೆ ತಪ್ಪು ಹಾಕ್ಬೇಡಿ. ಅನುಕೂಲ ಇರೋದು ನಾರಲ್ಲಿ: ನಾರು ಇರೋದ್ರಿಂದ ಬೇಗ ಹೊಟ್ಟೆ ತುಂಬುತ್ತೆ, ನಿಧಾನಕ್ಕೆ ಜೀರ್ಣ ಆಗುತ್ತೆ, ಹಾಗಾಗಿ ತಿನ್ನೋ ಪ್ರಮಾಣ ತಾನಾಗೇ ಇಳಿಯುತ್ತೆ.

ಇನ್ನೊಂದು. ಕಾಳಲ್ಲಿರೋ ಕ್ಯಾಲ್ಸಿಯಂ, ಕಬ್ಬಿಣ ಪೂರ್ತಿ ಮೈಗೆ ಹತ್ತಲ್ಲ. ಕಾಳಲ್ಲೇ ಫೈಟೇಟು, ಟ್ಯಾನಿನ್ನು ಅನ್ನೋ ಅಂಶಗಳು ಇರುತ್ವೆ, ಅವು ಇವನ್ನ ಹಿಡ್ಕೊಂಡು ಬಿಡಲ್ಲ. ನೆನೆಸೋದು, ಮೊಳಕೆ ಬರ್ಸೋದು, ಹುಳಿ ಬರ್ಸೋದು, ಈ ಮೂರು ಕೆಲ್ಸ ಆ ಹಿಡಿತ ಸಡ್ಲ ಮಾಡ್ತವೆ, ನಮ್ಮ ಅಜ್ಜೀರು ಅಂಬಲಿ ಹುಳಿ ಬರ್ಸ್ತಿದ್ದಿದ್ದು ರುಚಿಗೋಸ್ಕರ ಇರ್ಬೋದು ಆದ್ರೆ ಕೆಲ್ಸ ಇದೂ ಆಗ್ತಿತ್ತು. ಅದರ ಜೊತೆ ನಿಂಬೆಹಣ್ಣು, ಸೊಪ್ಪು, ಟೊಮ್ಯಾಟೊ ಇದ್ರೆ ಕಬ್ಬಿಣ ಚೆನ್ನಾಗಿ ಹತ್ತುತ್ತೆ. ಊಟ ಮುಗಿಸಿ ಕೈ ತೊಳೆಯೋ ಮುಂಚೆನೇ ಕಾಫಿ ಕೇಳೋ ಅಭ್ಯಾಸ ಇದ್ಯಲ್ಲ, ಕಾಫಿ ಕಬ್ಬಿಣ ಹತ್ತಕ್ಕೆ ಅಡ್ಡ ಬರುತ್ತೆ, ಅದಕ್ಕೆ ಅದನ್ನೊಂದು ಗಂಟೆ ಮುಂದಕ್ಕೆ ಹಾಕಿ. ಮೈಸೂರಿನವ್ರಿಗೆ ಇದನ್ನ ಹೇಳೋದು ಕಷ್ಟ ಅಂತ ಗೊತ್ತು.

ಅಂಗಡೀಲಿ ನೋಡ್ಕೊಳ್ಬೇಕಾದ್ದು

ರಾಗಿ ಆದ್ರೆ ಹಿಟ್ಟು ತರೋ ಬದ್ಲು ಕಾಳು ತನ್ನಿ. ಮಳೆ ಆಶ್ರಯದ ರಾಗಿ ನಾಗಮಂಗಲ, ಕೆ.ಆರ್. ಪೇಟೆ, ಎಚ್.ಡಿ. ಕೋಟೆ, ಪಿರಿಯಾಪಟ್ಣ ಕಡೆ ನವೆಂಬರ್ ಡಿಸೆಂಬರಲ್ಲಿ ಕುಯ್ಲಿಗೆ ಬರುತ್ತೆ, ಕಣ ಮಾಡಿ ಒಣಗ್ಸಿ ಸಂಕ್ರಾಂತಿ ಹೊತ್ತಿಗೆ ಹೊಸ ರಾಗಿ ಸಿಗುತ್ತೆ. ಊರಲ್ಲಿ ನೆಂಟ್ರು ಯಾರಾದ್ರೂ ಬೆಳೆಯೋರಿದ್ರೆ ವರ್ಷಕ್ಕೆ ಬೇಕಾಗೋವಷ್ಟು ಒಟ್ಟಿಗೇ ತಗೊಂಬಿಡಿ, ರಾಗಿ ಕಾಳಿಗೆ ಹುಳ ಹತ್ತೋದು ಕಮ್ಮಿ, ಹಿಂದೆ ಹಗೇವಲ್ಲಿ, ಅಂದ್ರೆ ನೆಲದಡಿ ತೋಡಿದ ಕಣಜದಲ್ಲಿ, ವರ್ಷಗಟ್ಲೆ ಇಡ್ತಿದ್ರು. ರೇಷನ್ ರಾಗಿ ಸಿಕ್ಕಿದ್ರೂ ಬಿಡ್ಬೇಡಿ, ಮೊರದಲ್ಲಿ ಕೇರಿ, ನಾಲ್ಕೈದು ನೀರಲ್ಲಿ ತೊಳೆದು ಅರಿಸಿ, ಎರಡು ದಿನ ಬಿಸ್ಲಲ್ಲಿ ಒಣಗಿಸಿ ಮಿಷನ್‌ಗೆ ಹಾಕ್ಸಿ ಅಷ್ಟೇ. ಮಿಷನ್ನಲ್ಲಿ ಒಂದು ವಿಷ್ಯ ಕೇಳಿ, ಹಿಂದಿನ ಹಾಕು ಏನಿತ್ತು ಅಂತ. ಮೆಣಸಿನಪುಡಿ ಹಾಕ್ಸಿದ ಮೇಲೆ ನಿಮ್ದು ಬಿಟ್ರೆ ಮೊದಲ ಎರಡು ಸೇರು ಮುದ್ದೆ ಗಂಟ್ಲಲ್ಲಿ ಉರಿಯುತ್ತೆ. ಮನೇಲಿ ಯಾರಿಗಾದ್ರೂ ಗೋಧಿ ಆಗಲ್ಲ, ಗ್ಲುಟನ್ ಅಲರ್ಜಿ ಅಂದ್ರೆ ಗೋಧಿ ಹಾಕ್ಸಿದ ಮೇಲಂತೂ ಬೇಡ್ವೇ ಬೇಡ. ರಾಗಿ, ಸಿರಿಧಾನ್ಯ ಯಾವುದ್ರಲ್ಲೂ ಗ್ಲುಟನ್ ಇಲ್ಲ ಅನ್ನೋದು ನಿಜ, ಮಿಷನ್ನಲ್ಲಿ ಇರೋದು ಬಂದು ಸೇರ್ಕೊಳ್ಳುತ್ತೆ.

ರಾಗಿಯ ಒಂದು ದೊಡ್ಡ ಗುಣ ಏನಂದ್ರೆ ಅದನ್ನ ಅಕ್ಕಿ ಥರ ಸುಲಭಕ್ಕೆ ಪಾಲಿಶ್ ಮಾಡಕ್ಕಾಗಲ್ಲ, ಮೇಲಿನ ತೌಡು ಗಟ್ಟಿಯಾಗಿ ಅಂಟ್ಕೊಂಡಿರುತ್ತೆ ಒಳಗಡೆ ಮೆತ್ತಗಿರುತ್ತೆ, ಉಜ್ಜಕ್ಕೆ ಹೋದ್ರೆ ಕಾಳೇ ಪುಡಿ. ಅದಕ್ಕೇ ರಾಗೀನ ಹಿಟ್ಟು ಮಾಡೇ ತಿಂತಾ ಬಂದಿದ್ದು. ನಮ್ಮ ಮೈಸೂರಿನ ಸಿಎಫ್‌ಟಿಆರ್‌ಐ ಅನ್ನೋ ಆಹಾರ ಸಂಶೋಧನಾ ಸಂಸ್ಥೇಲಿ ರಾಗೀನ ನೆನೆಸಿ ಹಬೇಲಿ ಬೇಯ್ಸಿ ಒಣಗಿಸಿ ಗಟ್ಟಿ ಮಾಡಿ ಆಮೇಲೆ ಸಿಪ್ಪೆ ತೆಗೆದು ಅನ್ನದ ಥರ ಬೇಯ್ಸೋ ಹಾಗೆ ಮಾಡೋ ವಿಧಾನ ಕಂಡುಹಿಡಿದ್ರು, ಅದು ಬೇರೆ ಮಾತು. ಮನೆ ಮಟ್ಟಕ್ಕೆ ಹೇಳೋದಾದ್ರೆ ರಾಗಿ ಹಿಟ್ಟು ಅಂದ್ರೆ ಪೂರ್ತಿ ಕಾಳು ಅಂತ ಲೆಕ್ಕ, ಆದ್ರೆ ನೀವು ಬಟ್ಟೇಲಿ ಶೋಧಿಸಿ ಶೋಧಿಸಿ ನುಣ್ಣಗೆ ಮಾಡ್ಕೊಂಡ್ರೆ ಆ ನಾರೆಲ್ಲ ಜರಡೀಲೇ ಉಳ್ಕೊಳ್ಳುತ್ತೆ. ಒಂದ್ಸಲ ದಪ್ಪ ಜರಡಿ ಸಾಕು.

ಮಂಡ್ಯದ ವಿ.ಸಿ. ಫಾರಂ, ಅಂದ್ರೆ ಅಲ್ಲಿನ ಕೃಷಿ ಸಂಶೋಧನಾ ಕೇಂದ್ರದ ಹೆಸ್ರು ಇಲ್ಲಿ ಹೇಳ್ದೇ ಹೋದ್ರೆ ಸರಿ ಆಗಲ್ಲ. ಅಲ್ಲಿ ತಳಿ ವಿಜ್ಞಾನಿ ಆಗಿದ್ದ ಸಿ.ಎಚ್. ಲಕ್ಷ್ಮಣಯ್ಯನವ್ರು, ಜನ ರಾಗಿ ಲಕ್ಷ್ಮಣಯ್ಯ ಅಂತಲೇ ಕರೀತಾರೆ, ಇಂಡಿಯಾದ ರಾಗಿಗೂ ಆಫ್ರಿಕಾದ ರಾಗಿಗೂ ಕ್ರಾಸ್ ಮಾಡಿ ಇಂಡಾಫ್ ತಳಿಗಳನ್ನ ತಂದ್ರು, ಎಕರೆಗೆ ಬರ್ತಿದ್ದ ಇಳುವರಿನೇ ಬದಲಾಯ್ತು. ಈಗ ಹೊಲದಲ್ಲಿ ಜಿಪಿಯು-28, ಎಂಎಲ್-365 ಅನ್ನೋ ರಾಗಿ ತಳಿಗಳು ಜಾಸ್ತಿ. ವಿ.ಸಿ. ಫಾರಂನಿಂದಲೇ ಬಂದಿರೋ ಕೆಎಂಆರ್-340 ಅಂತ ಬಿಳಿ ರಾಗಿ ಇದೆ, ಕಪ್ಪಗಿದೆ ಅಂತ ಮೂತಿ ತಿರುಗಿಸೋ ಮಕ್ಕಳಿಗೆ ದೋಸೆ ಬಿಸ್ಕತ್ತು ಮಾಡಕ್ಕೆ ಚೆನ್ನಾಗಿರುತ್ತೆ, ಸಿಕ್ಕಿದ್ರೆ ತನ್ನಿ. ಮುದ್ದೆಗೆ ಮಾತ್ರ ನನ್ನ ಓಟು ಕಪ್ಪಿಗೇ.

ಇನ್ನು ನವಣೆ ಸಾಮೆ ಕಡೆ. ಇವಕ್ಕೆ ಮೇಲೆ ಗಟ್ಟಿ ಹೊಟ್ಟು ಇರುತ್ತೆ, ತೆಗೀಲೇಬೇಕು. ಹೊಟ್ಟು ತೆಗೆದು ನಿಲ್ಸಿದ್ರೆ ಒಳ್ಳೇದು, ಅಕ್ಕಿ ಥರ ಬೆಳ್ಳಗೆ ಕಾಣ್ಲಿ ಅಂತ ಇನ್ನೂ ಉಜ್ಜಿದ್ರೆ ನಾರೂ ಹೋಯ್ತು ದುಡ್ಡೂ ಹೋಯ್ತು. ಮೈಸೂರಲ್ಲಿ ಸಂತೇಪೇಟೆ, ದೇವರಾಜ ಮಾರ್ಕೆಟ್ ಕಡೆ, ಮಂಡ್ಯದಲ್ಲಿ ಪೇಟೆ ಬೀದೀಲಿ ಬಿಡಿಯಾಗಿ ಸಿಕ್ಕಿದ್ರೆ ಒಂದು ಹಿಡಿ ಅಂಗೈಗೆ ಹಾಕ್ಕೊಂಡು ನೋಡಿ. ನವಣೆ ಮಂಕು ಹಳದಿ ಇರ್ಬೇಕು, ಫಳಫಳ ಅಂತ ತಿಳಿ ಹಳದಿ ಇದ್ರೆ ಉಜ್ಜಿರ್ತಾರೆ. ಸಾಮೆ ಸಣ್ಣಕ್ಕೆ ಬೂದು ಮಿಶ್ರಿತ ಬಿಳಿ. ಕೊರಲೆ ಅದಕ್ಕಿಂತ ಒಸಿ ಹಸಿರು ಛಾಯೆ. ಊದಲೂ ಸಾಮೇನೂ ಪಕ್ಕಪಕ್ಕ ಇಟ್ರೆ ಅಂಗಡಿಯವ್ನಿಗೇ ತಿಳಿಯಲ್ಲ, ಎಷ್ಟೋ ಕಡೆ ಅದಕ್ಕಿದು ಇದಕ್ಕದು ಕೊಡ್ತಾರೆ. ಹರಕ ಒಸಿ ದಪ್ಪ, ಕೆಂಚಗೆ. ಮೂಗಿಗೆ ಹಿಡೀರಿ, ಮುಗ್ಗಲು ವಾಸ್ನೆ ಬಂದ್ರೆ ಅಲ್ಲೇ ಬಿಟ್ಬಿಡಿ. ಅದ್ರಲ್ಲೂ ಹರಕಕ್ಕೆ ಶಿಲೀಂಧ್ರ ಹತ್ತಿದ್ರೆ ವಿಷ ಆಗುತ್ತೆ, 2024ರ ಅಕ್ಟೋಬರಲ್ಲಿ ಮಧ್ಯಪ್ರದೇಶದ ಬಾಂಧವಗಢದಲ್ಲಿ 10 ಆನೆ ಸತ್ತಿದ್ದು ಅಂಥ ಹರಕದ ಬೆಳೆ ತಿಂದೇ ಅಂತ ತನಿಖೇಲಿ ಬಂತು. ಒಣಗಿರೋ ಒಳ್ಳೇ ಹರಕಕ್ಕೆ ಭಯ ಬೇಡ, ತೇವ ಹಿಡಿದಿರೋದನ್ನ ಅಗ್ಗ ಅಂತ ತರ್ಬೇಡಿ.

ಐದು ಧಾನ್ಯ, ಒಂಬತ್ತು ಧಾನ್ಯ ಮಿಕ್ಸ್ ಮಾಡಿರೋ ಪ್ಯಾಕೆಟ್ ನಾನಂತೂ ಬೇಡ ಅಂತೀನಿ. ಒಂದೊಂದು ಕಾಳಿಗೆ ಒಂದೊಂದು ನೆನೆಯೋ ಹೊತ್ತು, ಒಟ್ಟಿಗೆ ಬೇಯ್ಸಿದ್ರೆ ಸಾಮೆ ಪಾಯಸ ಆಗಿರುತ್ತೆ ಹರಕ ಹಲ್ಲಿಗೆ ಸಿಕ್ಕುತ್ತೆ. ರಾಗಿ ಬಿಸ್ಕತ್ತು, ಸಿರಿಧಾನ್ಯ ನೂಡಲ್ಸ್ ತಗೊಳ್ಳೋದಾದ್ರೆ ಪ್ಯಾಕೆಟ್ ಹಿಂದೆ ತಿರುಗ್ಸಿ, ಯಾವ್ದು ಜಾಸ್ತಿ ಇರುತ್ತೋ ಅದನ್ನೇ ಮೊದ್ಲು ಬರೀಬೇಕು ಅಂತ ನಿಯಮ ಇದೆ. ಮೊದಲ ಹೆಸ್ರೇ ಮೈದಾ ಅಂತಿದ್ರೆ ಅದು ಮೈದಾ ಬಿಸ್ಕತ್ತು, ಮುಂದ್ಗಡೆ ರಾಗಿ ತೆನೆ ಚಿತ್ರ ಎಷ್ಟೇ ದೊಡ್ದಾಗಿರ್ಲಿ.

ಮುದ್ದೆ, ಬರದೇ ಇರೋರಿಗೆ

ಹಳ್ಳಿ ಕಡೆಯವ್ರು ಇದನ್ನ ಹಾರಿಸ್ಕೊಂಡು ಹೋಗ್ಬೋದು. ಮೈಸೂರಲ್ಲಿ ರೂಮ್ ಮಾಡ್ಕೊಂಡಿರೋ ಹುಡುಗ್ರು, ಹೊಸದಾಗಿ ಮದ್ವೆ ಆದೋರು, ಮುದ್ದೆ ಗಂಟಾಗುತ್ತೆ ಅಂತ ಹೆದ್ರಿ ಗಂಜಿಗೆ ಇಳಿದಿರೋರು ಇದನ್ನ ಓದಿ.

ಎರಡು ಮಧ್ಯಮ ಮುದ್ದೆಗೆ ಒಂದು ಲೋಟ ಹಿಟ್ಟು, ಅದೇ ಲೋಟದಲ್ಲಿ ಎರಡು ಲೋಟ ನೀರು. ಹಿಟ್ಟು ಹಳೇದಾದ್ರೆ ನೀರು ಒಸಿ ಜಾಸ್ತಿ ಕುಡಿಯುತ್ತೆ, ಅದಕ್ಕೆ ಪಕ್ಕದಲ್ಲಿ ಬಿಸಿನೀರು ಇಟ್ಕೊಳ್ಳಿ. ದಪ್ಪ ತಳದ ಪಾತ್ರೆ, ಎತ್ತರ ಇದ್ರೆ ಒಳ್ಳೇದು. ನೀರಿಗೆ ಚಿಟಿಕೆ ಉಪ್ಪು, ಒಂದು ಚಮಚ ರಾಗಿಹಿಟ್ಟನ್ನ ತಣ್ಣೀರಲ್ಲಿ ಕದಡಿ ಹಾಕಿ ಎಸರು ಕುದಿಯಕ್ಕೆ ಬಿಡಿ. ಈ ಕದಡಿದ ಹಿಟ್ಟು ಎಸರನ್ನ ಒಸಿ ಗಟ್ಟಿ ಮಾಡುತ್ತೆ, ಆಮೇಲೆ ಹಾಕೋ ಹಿಟ್ಟು ಗಂಟು ಕಟ್ಟೋದು ಕಮ್ಮಿ ಆಗುತ್ತೆ. ಕೆಲವ್ರು ಒಂದು ಹಿಡಿ ಅನ್ನನೋ ನುಚ್ಚನ್ನೋ ಹಾಕ್ತಾರೆ, ಮೆತ್ತಗಾಗುತ್ತೆ ನಿಜ, ಶುಗರ್ ಇರೋರು ಬಿಡಿ.

ಎಸರು ಕೊತಕೊತ ಅನ್ನುವಾಗ ಹಿಟ್ಟೆಲ್ಲ ಒಂದೇ ಸಲಕ್ಕೆ ನಡುಮಧ್ಯೆ ಗುಡ್ಡೆ ಹಾಗೆ ಸುರೀರಿ. ಕಲ್ಸಬೇಡಿ. ಇಲ್ಲೇ ಎಲ್ರೂ ಎಡವೋದು, ಕೈ ತಡೆಯಲ್ಲ, ಸೌಟು ಹಾಕ್ತಾರೆ, ಗಂಟಾಗೋದು ಆಗ್ಲೇ. ಗುಡ್ಡೆ ಮಧ್ಯಕ್ಕೆ ಕೋಲಿಂದ ಒಂದು ತೂತು ಮಾಡಿ ಉರಿ ಸಣ್ಣ ಮಾಡಿ ಬಿಡಿ. ಸುತ್ತ ಕುದಿಯೋ ನೀರು ಮೇಲೆ ಹತ್ತಿ ಹಿಟ್ಟಿನ ಮೇಲೆ ಬೀಳ್ತಾ ಇರುತ್ತೆ, ಬಿಳಿ ಹಿಟ್ಟು ಕಪ್ಪಾಗ್ತಾ ಬರುತ್ತೆ, ನಾಲ್ಕೈದು ನಿಮಿಷಕ್ಕೆ ಹಸಿ ವಾಸ್ನೆ ಹೋಗಿ ಬೆಂದ ರಾಗಿ ಘಮ ಬರುತ್ತೆ. ಆಗ ಪಾತ್ರೇನ ಬಟ್ಟೇಲಿ ಹಿಡ್ಕೊಂಡು, ಹಳ್ಳೀಲಾದ್ರೆ ಕವೆಕೋಲಲ್ಲಿ ಒತ್ತಿ ಹಿಡೀತಾರೆ, ಮುದ್ದೆ ಕೋಲಲ್ಲಿ ಬಿರುಸಾಗಿ ತೊಳಸಿ. ಪಾತ್ರೆ ಗೋಡೆಗೆ ಒತ್ತಿ ಒತ್ತಿ ಎಳೀಬೇಕು. ನೀರು ಸಾಲ್ದು ಅನ್ಸಿದ್ರೆ ಬಿಸಿನೀರು ಚಿಮುಕ್ಸಿ, ತಣ್ಣೀರು ಹಾಕ್ಬೇಡಿ. ಒಂದಾದ್ಮೇಲೆ ಮುಚ್ಚಿ ಸಣ್ಣ ಉರೀಲಿ ಇನ್ನೆರಡು ಮೂರು ನಿಮಿಷ. ಒದ್ದೆ ಬೆರಳಲ್ಲಿ ಮುಟ್ಟಿದ್ರೆ ಅಂಟ್ಬಾರ್ದು, ಅದೇ ಬೆಂದಿರೋ ಗುರುತು. ತಟ್ಟೆಗೆ ನೀರು ಸವರಿ ತಿರುವಿ, ಕೈ ಒದ್ದೆ ಮಾಡ್ಕೊಂಡು ಬಿಸಿ ಇರುವಾಗ್ಲೇ ಕಟ್ಟಿ.

ಜೊತೆಗೆ ಏನು ಅನ್ನೋದು ಮುದ್ದೆಯಷ್ಟೇ ಮುಖ್ಯ. ರಾಗೀಲಿ ಪ್ರೋಟೀನ್ ಕಮ್ಮಿ ಅಂದ್ನಲ್ಲ, ಅದರಲ್ಲೂ ಲೈಸಿನ್ ಅನ್ನೋ ಅಂಶ ಕಮ್ಮಿ, ಅದು ಬೇಳೆಕಾಳಲ್ಲಿ ಧಾರಾಳ ಇದೆ. ಅವರೆಕಾಳು, ಹುರುಳಿಕಾಳು, ಅಲಸಂದೆ, ಹಿತಕಿದ ಬೇಳೆ ಯಾವ್ದಾದ್ರೂ ಸರಿ. ಬಸ್ಸಾರು ಅಂತೂ ಲೆಕ್ಕ ಹಾಕಿ ಮಾಡ್ದಂಗಿದೆ, ಕಾಳೂ ಸೊಪ್ಪೂ ಎರಡೂ ಬಂತು, ಬಸಿದ ನೀರು ಸಾರಿಗಾಯ್ತು ಪಲ್ಯ ಪಕ್ಕಕ್ಕೆ. ಮಂಡ್ಯದ ಉಪ್ಸಾರು ಖಾರ ಆದ್ರೂ ಸರೀನೇ, ಒಳಗೆ ಕಾಳು ಸೊಪ್ಪು ಇರ್ಲಿ, ಬರೀ ಖಾರ ನೆಕ್ಕೊಂಡು ಎದ್ದೇಳ್ಬೇಡಿ. ಭಾನುವಾರ ನಾಟಿಕೋಳಿ ಸಾರಿನ ಬಗ್ಗೆ ನಾನೇನೂ ಹೇಳೋ ಹಾಗಿಲ್ಲ.

ಒಂದು ಹೊತ್ತಿಗೆ ಒಂದು ಮುದ್ದೆ ಸಾಕು ಕುರ್ಚಿ ಮೇಲೆ ಕೂತು ಕೆಲ್ಸ ಮಾಡೋರಿಗೆ. ತಾತ ಮೂರು ತಿಂತಿದ್ರು ಅನ್ನೋರು ತಾತ ಗದ್ದೇಲಿ ಏನೇನು ಮಾಡ್ತಿದ್ರು ಅನ್ನೋದೂ ನೆನಪಿಸ್ಕೊಳ್ಳಿ.

ಅನ್ನದ ಜಾಗಕ್ಕೆ

ಈಗ ಮಧ್ಯಾಹ್ನದ ತಟ್ಟೆ. ಮೊದ್ಲು ಸಾಮೆಯಿಂದ ಶುರು ಮಾಡಿ, ರುಚಿ ಅಕ್ಕಿಗೆ ಹತ್ರ, ಬೇಗ ಬೇಯುತ್ತೆ, ಮನೆಯವ್ರು ಜಗಳ ಆಡಲ್ಲ. ನವಣೆಗೆ ಅದರದ್ದೇ ಒಂದು ವಾಸ್ನೆ ಇದೆ, ಮಸಾಲೆ ಅಡುಗೆಗೆ ಹೊಂದುತ್ತೆ. ಹರಕ ಕೊರಲೆ ಆಮೇಲೆ ಬರ್ಲಿ.

ಮಾಡೋ ಕ್ರಮ ಹೀಗೆ: ಎರಡ್ಮೂರು ನೀರು ತೊಳೀರಿ, ಮೇಲೆ ತೇಲೋ ಹೊಟ್ಟು ಚೆಲ್ಲಿ, ಕೊನೆ ನೀರನ್ನ ನಿಧಾನಕ್ಕೆ ಬಗ್ಗಿಸಿ ತಳದಲ್ಲಿ ಕಲ್ಲು ಮರಳು ಇದ್ಯಾ ನೋಡಿ, ಸಣ್ಣ ಕಾಳಲ್ಲಿ ಸಣ್ಣ ಕಲ್ಲು ಕಣ್ಣಿಗೆ ಕಾಣಲ್ಲ ಹಲ್ಲಿಗೇ ಗೊತ್ತಾಗೋದು. ಆಮೇಲೆ ನೆನೆಹಾಕಿ, ಸಾಮೆ ನವಣೆ ಊದಲು ಕಡೇಪಕ್ಷ ಒಂದೆರಡು ಗಂಟೆ, ಹರಕ ಕೊರಲೆ ಆದ್ರೆ ರಾತ್ರಿ ಹಾಕಿ ಬೆಳಿಗ್ಗೆ. ಆಫೀಸಿಗೆ ಹೋಗೋರು ಯಾವ್ದಾದ್ರೂ ಇರ್ಲಿ ರಾತ್ರಿನೇ ನೆನೆಹಾಕಿ ಮಲಗಿ. ನೆನೆಸಿದ ನೀರು ಚೆಲ್ಲಿ ಹೊಸ ನೀರಿಡಿ, ಒಂದಕ್ಕೆ ಎರಡು ಲೋಟ ಕುಕ್ಕರಿಗೆ, ಬಿಡಿ ಪಾತ್ರೇಲಾದ್ರೆ ಎರಡೂವರೆ. ಕುಕ್ಕರಲ್ಲಿ ಎರಡು ವಿಷಲ್ ಮೇಲೆ ಬೇಡ. ಪ್ರೆಶರ್ ಇಳಿದ್ಮೇಲೂ ಹತ್ತು ನಿಮಿಷ ಮುಚ್ಚೇ ಬಿಡಿ, ಆಮೇಲೆ ಒಂದು ಚಮಚ ಎಣ್ಣೆನೋ ತುಪ್ಪನೋ ಹಾಕಿ ಫೋರ್ಕಲ್ಲಿ ಬಿಡಿಸಿ. ಬಿಸಿ ಇರುವಾಗ್ಲೇ ಊಟ ಮಾಡಿ, ಆರಿದ್ರೆ ಗಟ್ಟಿಯಾಗಿ ಗಂಟ್ಲಲ್ಲಿ ಇಳಿಯಲ್ಲ, ಸಿರಿಧಾನ್ಯ ಚೆನ್ನಾಗಿಲ್ಲ ಅಂತ ಬೈಯ್ಯೋರಲ್ಲಿ ಅರ್ಧ ಜನ ಆರಿರೋದನ್ನ ತಿಂದಿರೋರೇ.

ಯಾವುದಕ್ಕೆ ಯಾವ್ದು ಅಂದ್ರೆ, ನನಗೆ ಒಪ್ಪಿರೋದು ಇವು. ಬಿಸಿಬೇಳೆಬಾತಿಗೆ ನವಣೆ, ತೊಗರಿಬೇಳೆ ನವಣೆಯಷ್ಟೇ ಹಾಕಿ ತರಕಾರಿ ಅದರ ಎರಡರಷ್ಟು, ನೀರು ಧಾರಾಳ, ಯಾಕಂದ್ರೆ ನವಣೆ ಕೂತಷ್ಟೂ ಹೀರುತ್ತೆ, ಸರ್ವ್ ಮಾಡೋ ಮುಂಚೆ ಕುದಿಯೋ ನೀರು ಹಾಕಿ ಒಂದ್ಸಲ ಸಡ್ಲ ಮಾಡ್ಬೇಕು. ಮೊಸರನ್ನಕ್ಕೆ ಸಾಮೆ, ಮೆತ್ತಗೆ ಬೇಯ್ಸಿ ಹಿಸುಕಿ ಅರ್ಧ ಹಾಲು ಅರ್ಧ ಮೊಸರು, ಸಾಸಿವೆ ಇಂಗು ಶುಂಠಿ ಒಗ್ಗರಣೆ, ದಾಳಿಂಬೆ. ಪೊಂಗಲ್ಲಿಗೆ ಊದಲು ಚೆನ್ನ, ಹೆಸರುಬೇಳೆ ಜೊತೆ ಒಂದಾಗುತ್ತೆ. ಚಿತ್ರಾನ್ನ ಪುಳಿಯೋಗರೆಗೆ ಕೊರಲೆನೋ ಹರಕನೋ, ಉದುರುದುರಾಗಿ ನಿಲ್ಲುತ್ತೆ, ಮೇಲೆ ನಿಂಬೆಹಣ್ಣು ಬಿತ್ತಲ್ಲ ಕಬ್ಬಿಣಕ್ಕೂ ಆಯ್ತು. ಸಾರನ್ನಕ್ಕೆ ಮಾತ್ರ, ಅಪ್ಪಟ ಮೈಸೂರು ತಿಳಿಸಾರು ಇದ್ದಾಗ, ಒಂದು ಸೌಟು ಬಿಳಿ ಅನ್ನ ತಿಂದ್ರೆ ಪ್ರಪಂಚ ಮುಳುಗಲ್ಲ.

ನಾರು ದಿಢೀರ್ ಅಂತ ಜಾಸ್ತಿ ಆದ್ರೆ ಹೊಟ್ಟೆ ಉಬ್ಬರ, ಗ್ಯಾಸು. ಅದಕ್ಕೆ ಮೊದಲ ವಾರ ದಿನಕ್ಕೆ ಒಂದು ಹೊತ್ತು ಮಾತ್ರ, ಬೇಕಾದ್ರೆ ಅರ್ಧ ಅಕ್ಕಿ ಅರ್ಧ ಸಾಮೆ, ನೀರು ಚೆನ್ನಾಗಿ ಕುಡೀರಿ.

ತಿಂಡಿಗೆ

ಇಡ್ಲಿಗೆ ಮೂರು ಪಾಲು ಸಾಮೆ ಅಥವಾ ಊದಲು, ಒಂದು ಪಾಲು ಉದ್ದಿನಬೇಳೆ, ಒಂದು ಚಮಚ ಮೆಂತ್ಯ, ಒಂದು ಹಿಡಿ ಅವಲಕ್ಕಿ. ಐದಾರು ಗಂಟೆ ನೆನೆಸಿ, ಉದ್ದು ನುಣ್ಣಗೆ ಸಾಮೆ ಒಸಿ ತರಿ ಇರೋ ಹಾಗೆ ರುಬ್ಬಿ ರಾತ್ರಿ ಇಟ್ರೆ ಬೆಳಿಗ್ಗೆಗೆ ಉಬ್ಬಿರುತ್ತೆ. ಧನುರ್ಮಾಸದ ಚಳೀಲಿ ಉಬ್ಬಲ್ಲ, ಒಲೆ ಪಕ್ಕ ಇಡಿ. ಇದೇ ಹಿಟ್ಟು ಮಾರನೇ ದಿನ ದೋಸೆಗೆ. ರಾಗಿ ದೋಸೆ ಆದ್ರೆ ಉದ್ದು ರುಬ್ಬಿ ರಾಗಿಹಿಟ್ಟು ಕಲಸಿ ರಾತ್ರಿ ಇಟ್ಬಿಡಿ, ಅರ್ಜೆಂಟಿಗೆ ಮಜ್ಜಿಗೆ, ಈರುಳ್ಳಿ, ಕರಿಬೇವು, ಜೀರಿಗೆ ಹಾಕಿ ನೀರ್ದೋಸೆ ಥರ ಸುರಿದ್ರೂ ನಡೆಯುತ್ತೆ. ರಾಗಿ ರೊಟ್ಟಿಗೆ ನುಗ್ಗೆಸೊಪ್ಪು ಹಾಕಿ, ಅಷ್ಟೇ ಹೇಳ್ತೀನಿ. ನವಣೆ ಉಪ್ಪಿಟ್ಟಿಗೆ ಕಾಳನ್ನ ಹುರಿದ್ಮೇಲೆ ಅರ್ಧ ಗಂಟೆ ನೆನೆಸಿ ಮಾಡಿದ್ರೆ ಉದುರಾಗಿ ಬರುತ್ತೆ.

ಗಂಜಿ, ಅಂಬಲಿ, ಮಕ್ಕಳ ಸರಿ

ಮಕ್ಕಳಿಗೆ ಆರು ತಿಂಗ್ಳು ತುಂಬಿದ್ಮೇಲೆ ಕೊಡೋ ರಾಗಿ ಸರಿಗೆ ಮೊಳಕೆ ರಾಗೀನೇ ಮಾಡಿ. ರಾಗಿ ಕಲ್ಲು ಆರಿಸಿ ತೊಳೆದು ಒಂದು ರಾತ್ರಿ ನೆನೆಸಿ, ನೀರು ಬಸಿದು ತೆಳು ಹತ್ತಿ ಬಟ್ಟೇಲಿ ಕಟ್ಟಿ, ಬಟ್ಟೆ ಒಣಗ್ದಂಗೆ ಆಗಾಗ ನೀರು ಚಿಮುಕಿಸಿ. ಒಂದರಿಂದ ಒಂದೂವರೆ ದಿನಕ್ಕೆ ಬಿಳಿ ಬಾಲ ಕಾಣುತ್ತೆ. ಜಾಸ್ತಿ ಉದ್ದ ಬಿಡ್ಬೇಡಿ, ಕಹಿ ಆಗುತ್ತೆ. ನೆರಳಲ್ಲಿ ಹರವಿ ಚೆನ್ನಾಗಿ ಒಣಗಿಸಿ, ಕೈಯಲ್ಲಿ ಉಜ್ಜಿ ಬಾಲ ಉದುರಿಸಿ ಕೇರಿ, ಸಣ್ಣ ಉರೀಲಿ ಘಮ ಬರೋವರೆಗೆ ಹುರಿದು ಮಿಷನ್‌ಗೆ ಹಾಕ್ಸಿ ಶೋಧಿಸಿ. ಮಗುವಿಗೆ ಮಾತ್ರ ನುಣ್ಣಗೆ ಶೋಧಿಸ್ಬೇಕು. ಮೊಳಕೆ ಬಂದಾಗ ಕಾಳಲ್ಲಿ ಅಮೈಲೇಸ್ ಅನ್ನೋ ಕಿಣ್ವ ಹುಟ್ಟಿ ಪಿಷ್ಟ ಒಡೆಯುತ್ತೆ, ಹಾಗಾಗಿ ಸರಿ ಗಟ್ಟಿ ಆಗಲ್ಲ, ಅದೇ ಬಟ್ಟಲಲ್ಲಿ ಹಿಟ್ಟು ಜಾಸ್ತಿ ಹಿಡಿಸುತ್ತೆ, ಪುಟ್ಟ ಹೊಟ್ಟೆಗೆ ನಾಲ್ಕು ಚಮಚದಲ್ಲೇ ಶಕ್ತಿ ಸಿಗುತ್ತೆ. ಅಂಗಡಿ ಮಾಲ್ಟ್ ಡಬ್ಬೀಲಿ ಸಕ್ಕರೆ ಎಷ್ಟನೇ ಸಾಲಲ್ಲಿದೆ ಅಂತ ನೋಡಿದ್ರೆ ಮನೇಲೇ ಮಾಡೋ ಮನಸ್ಸು ಬರುತ್ತೆ.

ಅಂಬಲಿ ಬೇಸಿಗೆಗೆ. ಎರಡು ಚಮಚ ರಾಗಿಹಿಟ್ಟು ನೀರಲ್ಲಿ ಕದಡಿ, ಎರಡು ಲೋಟ ಕುದಿಯೋ ನೀರಿಗೆ ಹಾಕಿ ಕೈಬಿಡದೆ ತಿರುವಿ ಬೇಯ್ಸಿ, ಆರಿದ್ಮೇಲೆ ಮಣ್ಣಿನ ಮಡಕೇಲಿ ರಾತ್ರಿ ಇಡಿ, ಬೆಳಿಗ್ಗೆ ಮಜ್ಜಿಗೆ, ಉಪ್ಪು, ಹೆಚ್ಚಿದ ಸಣ್ಣ ಈರುಳ್ಳಿ, ಹಸಿಮೆಣಸು, ಕೊತ್ತಂಬರಿ. ಏಪ್ರಿಲ್ ಬಿಸ್ಲಿಗೆ ಇದಕ್ಕೆ ಸಮ ಇಲ್ಲ.

ಶುಗರ್ ಇರೋರಿಗೆ ಇಲ್ಲೊಂದು ಎಚ್ಚರ. ರಾಗಿ ಒಳ್ಳೇದು ಅಂತ ದಿನಾ ಬೆಳಿಗ್ಗೆ ಬೆಲ್ಲ ಹಾಕ್ಕೊಂಡು ನುಣ್ಣನೆ ಗಂಜಿ ಕುಡೀತಾರೆ, ಅದೇ ರಾಗಿ ಮುದ್ದೆ ರೊಟ್ಟಿ ಆಗಿದ್ದಾಗ ನಿಧಾನ ಹೋಗುತ್ತೆ, ನೀರಾಗಿ ಬೆಂದಾಗ ಸರ್ರನೆ ಹೋಗುತ್ತೆ, ಶುಗರ್ ಬೇಗ ಏರುತ್ತೆ. ನಿಮಗೆ ಅಗಿಯೋ ರಾಗಿನೇ ಸರಿ.

ಯಾರು ಹುಷಾರಾಗಿರ್ಬೇಕು

ಮೈಸೂರಲ್ಲಿ ಸಿರಿಧಾನ್ಯ ಅಂದ್ರೆ ಖಾದರ್ ವಲಿಯವ್ರ ಹೆಸ್ರು ಬಂದೇ ಬರುತ್ತೆ, 2023ರಲ್ಲಿ ಪದ್ಮಶ್ರೀ ಸಿಕ್ತು, ಊರೂರಲ್ಲಿ ಮಾತಾಡಿ ಜನರ ಬಾಯಲ್ಲಿ ನವಣೆ ಸಾಮೆ ಹೆಸ್ರು ಮತ್ತೆ ಬರೋ ಹಾಗೆ ಮಾಡಿದ್ರು. ಅವ್ರ ಪಟ್ಟೀಲಿ ನವಣೆ, ಸಾಮೆ, ಹರಕ, ಊದಲು, ಕೊರಲೆ ಐದು ಮೇಲಿರ್ತವೆ, ರಾಗಿ ಜೋಳ ಸಜ್ಜೆ ತಟಸ್ಥ ಅಂತ ಕೆಳಗೆ. ನಾರು ಪಿಷ್ಟದ ಲೆಕ್ಕದಲ್ಲಿ ಅವ್ರು ಹಾಗೆ ಜೋಡಿಸ್ತಾರೆ, ನಾನು ಕ್ಯಾಲ್ಸಿಯಂ, ಬೆಲೆ, ಊರಲ್ಲೇ ಸಿಗೋದು, ಮನೆಯವ್ರು ಬೇಜಾರಿಲ್ದೆ ತಿನ್ನೋದು ಇವೆಲ್ಲ ಸೇರ್ಸಿ ರಾಗೀನ ಕೆಳಗಿಳಿಸಕ್ಕೆ ಒಪ್ಪಲ್ಲ. ಮತ್ತೆ ಇದು ಊಟ, ಔಷಧಿ ಅಲ್ಲ. ಸಿರಿಧಾನ್ಯ ಶುರು ಮಾಡ್ದೆ ಅಂತ ಶುಗರ್ ಬಿಪಿ ಮಾತ್ರೆ ನೀವೇ ನಿಲ್ಲಿಸ್ಬೇಡಿ. ಊಟ ಬದಲಾದಾಗ ಶುಗರ್ ಚೆಕ್ ಮಾಡಿಸ್ಕೊಂಡು ರಿಪೋರ್ಟ್ ಡಾಕ್ಟರ್‌ಗೆ ತೋರ್ಸಿ, ಡೋಸ್ ಕಮ್ಮಿ ಮಾಡೋದು ಅವ್ರ ಕೆಲ್ಸ.

ಥೈರಾಯ್ಡ್ ಕಮ್ಮಿ ಇರೋರು ಸಜ್ಜೆ ದಿನನಿತ್ಯ ತಿನ್ನೋದು ಬೇಡ, ಅದ್ರಲ್ಲಿರೋ ಕೆಲವು ಅಂಶ ಥೈರಾಯ್ಡ್ ಗ್ರಂಥಿಗೆ ಅಯೋಡಿನ್ ಬಳಸಕ್ಕೆ ಅಡ್ಡ ಬರುತ್ತೆ, ಅಪರೂಪಕ್ಕೆ ರೊಟ್ಟಿ ತಿಂದ್ರೆ ತೊಂದ್ರೆ ಇಲ್ಲ. ಕಿಡ್ನಿ ಕಲ್ಲು, ಕಿಡ್ನಿ ತೊಂದ್ರೆ ಇರೋರು ರಾಗಿ ಎಷ್ಟು ಅಂತ ಡಾಕ್ಟರ್ ಹತ್ರ ಕೇಳ್ಕೊಳ್ಳಿ. ಸಜ್ಜೆ ಹಿಟ್ಟಿನ ವಿಷ್ಯ ಇನ್ನೊಂದು, ಅದ್ರಲ್ಲಿ ಜಿಡ್ಡು ಜಾಸ್ತಿ, ಹಿಟ್ಟು ಮಾಡಿ ಇಟ್ರೆ ಬೇಗ ಕಹಿ ತಿರುಗುತ್ತೆ, ವಾರಕ್ಕಾಗೋವಷ್ಟು ಮಾತ್ರ ಹಾಕ್ಸಿ. ಪಾಲಿಶ್ ಮಾಡ್ದಿರೋ ನವಣೆ ಸಾಮೇನೂ ತೌಡಿನ ಎಣ್ಣೆಯಿಂದ ಕಮಟು ಬರುತ್ತೆ, ಎರಡು ತಿಂಗ್ಳಿಗಿಂತ ಜಾಸ್ತಿ ತಂದು ಕೂಡಿಡ್ಬೇಡಿ, ಇಡ್ಲೇಬೇಕು ಅಂದ್ರೆ ಫ್ರಿಜ್ಜಲ್ಲಿಡಿ.

ಮಿಕ್ಕಿದ್ದು

ರಾತ್ರಿ ಮುದ್ದೆ ಮಿಕ್ಕಿದ್ರೆ ಬಿಸಾಕ್ಬೇಡಿ, ಮುಳುಗೋವಷ್ಟು ನೀರು ಹಾಕಿ ಮುಚ್ಚಿಡಿ, ಬೆಳಿಗ್ಗೆ ಆ ನೀರಲ್ಲೇ ಹಿಸುಕಿ ಮಜ್ಜಿಗೆ, ಉಪ್ಪು, ಈರುಳ್ಳಿ ಸೇರ್ಸಿ, ಉಪ್ಪಿನಕಾಯಿ ನಂಚ್ಕೊಳ್ಳಿ. ಬಿರುಬೇಸಿಗೇಲಿ ಹೊರಗಿಟ್ಟು ಬೆಳಿಗ್ಗೆ ವಾಸ್ನೆ ತಿರುಗಿದ್ರೆ ಬಿಟ್ಬಿಡಿ. ಸಾಮೆ ನವಣೆ ಅನ್ನ ಫ್ರಿಜ್ಜಲ್ಲಿಟ್ರೆ ಕಲ್ಲಾಗುತ್ತೆ, ಹಾಗೇ ಒಗ್ಗರಣೆಗೆ ಹಾಕಿದ್ರೆ ಇನ್ನೂ ಗಟ್ಟಿ. ಮೊದ್ಲು ಬಿಸಿನೀರು ಚಿಮುಕ್ಸಿ ಇಡ್ಲಿ ಪಾತ್ರೇಲಿ ಐದು ನಿಮಿಷ ಹಬೆ ಕೊಡಿ, ಆಮೇಲೆ ಚಿತ್ರಾನ್ನ ಮಾಡಿ. ಅದೂ ಬೇಡ ಅಂದ್ರೆ ರಾಗಿಹಿಟ್ಟಿಗೆ ಕಲಸಿ ಈರುಳ್ಳಿ ಸಬ್ಸಿಗೆ ಸೊಪ್ಪು ಹಾಕಿ ರೊಟ್ಟಿ ತಟ್ಟಿ, ಅನ್ನ ಸೇರಿದ್ರೆ ರೊಟ್ಟಿ ಮೆತ್ತಗೇ ಬರುತ್ತೆ.